ಚಳಿಗಾಲದಲ್ಲಿ ಜಿಪಿ ಸರ್ಜರಿಗಳ ಮೇಲಿನ ಒತ್ತಡ: ಕಾರಣವೇನು, ರೋಗಿಗಳ ಗುಂಪು ಏನನ್ನು ಕೇಳಬೇಕು?

ಪ್ರಶ್ನೆ: ಯಾರ್ಕ್‌ಷೈರ್ ನಿವಾಸಿ

ಎಲ್ಲರಿಗೂ ನಮಸ್ಕಾರ. ನಾನು ಇಂಗ್ಲೆಂಡಿನ ಉತ್ತರ ಭಾಗದ ಸಣ್ಣ ಪಟ್ಟಣವೊಂದರಲ್ಲಿ ಕುಟುಂಬದೊಂದಿಗೆ ನೆಲೆಸಿದ್ದು, ನಮ್ಮ ಜಿಪಿ ಸರ್ಜರಿಯ (ಇಲ್ಲಿ ಕುಟುಂಬ ವೈದ್ಯರನ್ನು ಜಿಪಿ ಎಂದೂ ಅವರ ಚಿಕಿತ್ಸಾಲಯವನ್ನು ಸರ್ಜರಿ ಎಂದೂ ಕರೆಯುತ್ತಾರೆ) ರೋಗಿಗಳ ಪ್ರತಿನಿಧಿ ಗುಂಪಿಗೆ ಈ ವರ್ಷ ಸೇರಿಕೊಂಡಿದ್ದೇನೆ. ಪ್ರತಿಯೊಂದು ಸರ್ಜರಿಯೂ ಇಂತಹ ಗುಂಪನ್ನು ಹೊಂದಿರಬೇಕೆಂಬುದು 2015ರಿಂದ ಎನ್‌ಎಚ್‌ಎಸ್ (ಇಲ್ಲಿನ ಸರ್ಕಾರಿ ಆರೋಗ್ಯ ಸೇವೆ) ಜೊತೆಗಿನ ಒಪ್ಪಂದದ ಷರತ್ತಾಗಿದೆ. ಮುಂದಿನ ಸಭೆಯಲ್ಲಿ ಚರ್ಚೆಗೆ ಇಟ್ಟಿರುವ ವಿಷಯ ಚಳಿಗಾಲದ ಒತ್ತಡ. ಹಿಂದಿನ ಸಭೆಗಳ ಟಿಪ್ಪಣಿಗಳನ್ನು ಓದಿದಾಗ, ಪ್ರತಿ ವರ್ಷವೂ ಅವೇ ದೂರುಗಳು ಮತ್ತು ಅವೇ ಸಮಾಧಾನದ ಮಾತುಗಳು ದಾಖಲಾಗಿರುವುದು ಕಂಡಿತು. ಈ ಸಲ ವಿಷಯವನ್ನು ಸರಿಯಾಗಿ ತಿಳಿದುಕೊಂಡು ಹೋಗಬೇಕೆಂಬುದು ನನ್ನ ಆಸೆ. ಇಲ್ಲಿ ಎನ್‌ಎಚ್‌ಎಸ್‌ನಲ್ಲಿ ದುಡಿಯುವ ಕನ್ನಡಿಗರು ಅನೇಕರಿರುವುದರಿಂದ ಕೇಳುತ್ತಿದ್ದೇನೆ.

ಬೆಳಿಗ್ಗೆ 8 ಗಂಟೆಗೆ ಫೋನ್ ಮಾಡಿದರೆ ಸಾಲಿನಲ್ಲಿ ಬಹಳ ಹೊತ್ತು ಕಾಯಬೇಕಾಗುತ್ತದೆ; ನಮ್ಮ ಸರದಿ ಬರುವಷ್ಟರಲ್ಲಿ ಆ ದಿನದ ಅಪಾಯಿಂಟ್‌ಮೆಂಟ್‌ಗಳು ಮುಗಿದಿರುತ್ತವೆ. ಇದು ಚಳಿಗಾಲದ ಕಾಯಿಲೆಗಳಿಂದಾಗುವ ತಾತ್ಕಾಲಿಕ ಸ್ಥಿತಿಯೇ, ಅಥವಾ ವರ್ಷವಿಡೀ ಇರುವ ಕೊರತೆ ಚಳಿಗಾಲದಲ್ಲಿ ಎದ್ದು ಕಾಣುತ್ತಿದೆಯೇ? ಒಂದೆಡೆ ವೈದ್ಯರ ಕೊರತೆ ಎನ್ನುತ್ತಾರೆ, ಇನ್ನೊಂದೆಡೆ ತರಬೇತಿ ಮುಗಿಸಿದ ಜಿಪಿಗಳಿಗೆ ಕೆಲಸ ಸಿಗುತ್ತಿಲ್ಲ ಎಂಬ ಸುದ್ದಿ ಬರುತ್ತದೆ. ಇವೆರಡೂ ಏಕಕಾಲದಲ್ಲಿ ನಿಜವಾಗಿರಲು ಹೇಗೆ ಸಾಧ್ಯ? ಎಲ್ಲಕ್ಕಿಂತ ಮುಖ್ಯವಾಗಿ, ನಮ್ಮಂತಹ ಗುಂಪು ದೂರು ಹೇಳುವುದನ್ನು ಬಿಟ್ಟು ಯಾವ ಬದಲಾವಣೆಯನ್ನು ಕೇಳಿದರೆ ಸರ್ಜರಿಯ ಸಿಬ್ಬಂದಿಗೂ ರೋಗಿಗಳಿಗೂ ಉಪಯೋಗವಾದೀತು?

ಉತ್ತರ 1: ಮಿಡ್‌ಲ್ಯಾಂಡ್ಸ್‌ನ ಜಿಪಿ

ನಾನು ಒಂದು ಸರ್ಜರಿಯಲ್ಲಿ ಪಾರ್ಟ್‌ನರ್, ಅಂದರೆ ಅದರ ಪಾಲುದಾರ, ಆಗಿರುವ ಜಿಪಿ. ನಿಮ್ಮ ಮೊದಲ ಪ್ರಶ್ನೆಗೆ ನೇರ ಉತ್ತರವೆಂದರೆ, ವರ್ಷವಿಡೀ ಇರುವ ಕೊರತೆಯೇ ಚಳಿಗಾಲದಲ್ಲಿ ಬಯಲಿಗೆ ಬರುತ್ತದೆ. ಇಂಗ್ಲೆಂಡಿನ ಜಿಪಿ ಸರ್ಜರಿಗಳು ತಿಂಗಳಿಗೆ ಸರಾಸರಿ ಸುಮಾರು 3 ಕೋಟಿ ಅಪಾಯಿಂಟ್‌ಮೆಂಟ್‌ಗಳನ್ನು ನೀಡುತ್ತವೆ. ಪೂರ್ಣಾವಧಿ ಲೆಕ್ಕದಲ್ಲಿ ನೋಡಿದರೆ ಒಬ್ಬ ಜಿಪಿಗೆ 2,200ಕ್ಕೂ ಹೆಚ್ಚು ನೋಂದಾಯಿತ ರೋಗಿಗಳಿದ್ದಾರೆ. ಜುಲೈ ತಿಂಗಳಲ್ಲೇ ಪೂರ್ತಿ ತುಂಬಿರುವ ವೇಳಾಪಟ್ಟಿಯ ಮೇಲೆ ಡಿಸೆಂಬರಿನ ಹೆಚ್ಚುವರಿ ಕೆಲಸ ಬಂದು ಬಿದ್ದಾಗ ಅದಕ್ಕೆ ಎಲ್ಲಿಯೂ ಜಾಗವಿರುವುದಿಲ್ಲ.

ಆ ಹೆಚ್ಚುವರಿ ಕೆಲಸವೆಂದರೆ ನೆಗಡಿ, ಕೆಮ್ಮು ಎಂದು ಅನೇಕರು ಭಾವಿಸುತ್ತಾರೆ. ನೆಗಡಿಯವರು ಬರುವುದು ನಿಜವಾದರೂ ನಮ್ಮ ಸಮಯವನ್ನು ಹೆಚ್ಚು ಬೇಡುವವರು ಅವರಲ್ಲ. ತುರ್ತು ಕರೆಗಳ ಹೊಣೆ ಹೊತ್ತ ವೈದ್ಯರ ಒಂದು ಸೋಮವಾರದ ಬೆಳಗನ್ನು ಊಹಿಸಿಕೊಳ್ಳಿ. ಪಟ್ಟಿಯ ಮೇಲ್ಭಾಗದಲ್ಲಿ ಸಿಒಪಿಡಿ ಎಂಬ ದೀರ್ಘಕಾಲದ ಶ್ವಾಸಕೋಶದ ಕಾಯಿಲೆ ಇರುವ ಹಿರಿಯರೊಬ್ಬರು. ರಾತ್ರಿಯಿಂದ ನೀಲಿ ಇನ್ಹೇಲರನ್ನು ಮತ್ತೆ ಮತ್ತೆ ಎಳೆದರೂ ಉಸಿರು ಹಿಡಿತಕ್ಕೆ ಬಂದಿಲ್ಲ. ಫೋನಿನಲ್ಲಿ ಒಂದು ವಾಕ್ಯವನ್ನು ಪೂರ್ತಿ ಹೇಳಲು ಅವರಿಗೆ ಆಗುತ್ತಿದೆಯೇ ಎಂದು ಕಿವಿಗೊಟ್ಟು ಕೇಳಿ, ಮನೆಯಲ್ಲೇ ಸ್ಟೀರಾಯ್ಡ್ ಕೊಟ್ಟು ನೋಡಬಹುದೇ, ಆಸ್ಪತ್ರೆಗೇ ಕಳುಹಿಸಬೇಕೇ ಎಂದು ತೀರ್ಮಾನಿಸಬೇಕು. ಅವರ ನಂತರ ಮೂರು ದಿನಗಳಿಂದ ಜ್ವರ ಬಿಡದ ಮಗು. 2022ರ ಡಿಸೆಂಬರಿನಲ್ಲಿ ಸ್ಟ್ರೆಪ್ ಎ ಎಂಬ ಬ್ಯಾಕ್ಟೀರಿಯಾ ಸೋಂಕಿನಿಂದ ಮಕ್ಕಳು ತೀರಿಕೊಂಡ ಸುದ್ದಿಗಳ ನಂತರ ತಂದೆ ತಾಯಂದಿರ ಆತಂಕ ಹೆಚ್ಚಾಗಿದೆ, ಅದು ಸಹಜವೂ ಹೌದು. ಅಷ್ಟರಲ್ಲಿ ಪ್ರಯೋಗಾಲಯದಿಂದ ಕರೆ ಬರುತ್ತದೆ: ಹೃದಯದ ಔಷಧಿ ತೆಗೆದುಕೊಳ್ಳುತ್ತಿರುವ ಒಬ್ಬರ ರಕ್ತದಲ್ಲಿ ಪೊಟ್ಯಾಸಿಯಂ ಅಪಾಯದ ಮಟ್ಟ ತಲುಪಿದ್ದು, ಅವರನ್ನು ತಕ್ಷಣ ಸಂಪರ್ಕಿಸಬೇಕು. ವೃದ್ಧಾಶ್ರಮವೊಂದರಲ್ಲಿ ಇಬ್ಬರಿಗೆ ಫ್ಲೂ ಲಕ್ಷಣ ಕಾಣಿಸಿಕೊಂಡಿದ್ದು, ಉಳಿದ ನಿವಾಸಿಗಳಿಗೆ ಮುನ್ನೆಚ್ಚರಿಕೆಯ ಔಷಧಿ ಬೇಕೇ ಎಂದು ಅಲ್ಲಿನ ನರ್ಸ್ ಕೇಳುತ್ತಿದ್ದಾರೆ. ಇವೆಲ್ಲ ಬೆಳಿಗ್ಗೆ ಹತ್ತು ಗಂಟೆಯೊಳಗಿನ ಕೆಲಸ. ಮೊದಲೇ ಕಾಯ್ದಿರಿಸಿದ ರೋಗಿಗಳು ಹೊರಗೆ ಕುಳಿತೇ ಇರುತ್ತಾರೆ.

ಶೀತದ ಪರಿಣಾಮ ಶ್ವಾಸಕೋಶಕ್ಕೆ ಸೀಮಿತವಲ್ಲ. ಚಳಿಗೆ ರಕ್ತನಾಳಗಳು ಸಂಕುಚಿತಗೊಂಡು ರಕ್ತದೊತ್ತಡ ಏರುವುದರಿಂದ ಹೃದಯಾಘಾತ ಮತ್ತು ಪಾರ್ಶ್ವವಾಯುವಿನ ಪ್ರಕರಣಗಳು ಹೆಚ್ಚುತ್ತವೆ. ಮನೆಯೊಳಗೆ ಕನಿಷ್ಠ 18 ಡಿಗ್ರಿ ಸೆಲ್ಸಿಯಸ್ ಉಷ್ಣಾಂಶ ಇರಲಿ ಎಂಬುದು ಆರೋಗ್ಯ ಇಲಾಖೆಯ ಸಲಹೆ. ಹೀಟಿಂಗ್ ಬಿಲ್ಲಿಗೆ ಹೆದರಿ ಒಂದೇ ಕೋಣೆಯನ್ನು ಬೆಚ್ಚಗಿಟ್ಟುಕೊಂಡು, ಗೋಡೆಗಳಲ್ಲಿ ತೇವ ಮತ್ತು ಬೂಸ್ಟು ಹಿಡಿದ ಮನೆಗಳಲ್ಲಿ ಬದುಕುವವರಿಗೆ ನಾವು ಎಷ್ಟೇ ಇನ್ಹೇಲರ್ ಬರೆದುಕೊಟ್ಟರೂ ಅವರು ಮರಳಿ ಬರುತ್ತಲೇ ಇರುತ್ತಾರೆ. ಈ ಮಾತನ್ನು ಸಭೆಯಲ್ಲಿ ಯಾರಾದರೂ ಹೇಳಲೇಬೇಕು.

ಆಸ್ಪತ್ರೆಗಳ ಕಾಯುವಿಕೆ ಪಟ್ಟಿಯಲ್ಲಿ 70 ಲಕ್ಷಕ್ಕೂ ಹೆಚ್ಚು ಚಿಕಿತ್ಸೆಗಳು ಬಾಕಿಯಿವೆ. ಮಂಡಿ ಶಸ್ತ್ರಚಿಕಿತ್ಸೆಗೆ ಕಾಯುತ್ತಿರುವವರ ನೋವು ಸುಮ್ಮನೆ ಕಾಯುವುದಿಲ್ಲ. ಅವರು ಔಷಧಿ ಬದಲಿಸಲು, ರಜೆಯ ಪತ್ರ ಪಡೆಯಲು, ತಮ್ಮ ಸರದಿಯನ್ನು ಬೇಗ ತರಿಸುವಂತೆ ಪತ್ರ ಬರೆಸಲು ನಮ್ಮಲ್ಲಿಗೇ ಬರುತ್ತಾರೆ. ಅವರದು ತಪ್ಪಲ್ಲ. ಆದರೆ ಆ ಪತ್ರಗಳಿಂದ ಸರದಿ ಮುಂದೆ ಬರುವುದು ಅಪರೂಪ, ಅದಕ್ಕೆ ವ್ಯಯವಾದ ಸಮಯ ಮಾತ್ರ ಹೋದದ್ದೇ.

ಇನ್ನು ಹಣದ ವಿಷಯ. ಜಿಪಿ ಸರ್ಜರಿಗಳು ಎನ್‌ಎಚ್‌ಎಸ್‌ನ ಭಾಗವಾಗಿ ಕಂಡರೂ ಬಹುಪಾಲು ಸರ್ಜರಿಗಳು ಗುತ್ತಿಗೆ ಆಧಾರದ ಮೇಲೆ ನಡೆಯುವ ಸಣ್ಣ ಸಂಸ್ಥೆಗಳು. ರೋಗಿಯೊಬ್ಬರಿಗೆ ವರ್ಷಕ್ಕೆ ಸುಮಾರು 120 ಪೌಂಡ್ ಮೂಲ ಅನುದಾನ ಬರುತ್ತದೆ. ಅವರು ವರ್ಷದಲ್ಲಿ ಒಮ್ಮೆ ಬಂದರೂ ಮೂವತ್ತು ಸಲ ಬಂದರೂ ಈ ಮೊತ್ತ ಬದಲಾಗುವುದಿಲ್ಲ. ಹಂಚಿಕೆಯು 2004ರಿಂದ ಜಾರಿಯಲ್ಲಿರುವ ಕಾರ್-ಹಿಲ್ ಸೂತ್ರದ ಪ್ರಕಾರ ನಡೆಯುತ್ತದೆ. ಅದು ವಯಸ್ಸು, ಲಿಂಗ ಮೊದಲಾದವುಗಳನ್ನು ಲೆಕ್ಕಕ್ಕೆ ತೆಗೆದುಕೊಂಡರೂ ಬಡತನಕ್ಕೆ ಸಾಕಷ್ಟು ತೂಕ ಕೊಡುವುದಿಲ್ಲವೆಂಬ ಆಕ್ಷೇಪ ಬಹಳ ಹಳೆಯದು, ಅದರ ಪುನರ್ಪರಿಶೀಲನೆಗೆ ಸರ್ಕಾರವೂ ಒಪ್ಪಿದೆ. 2025ರ ಏಪ್ರಿಲ್‌ನಿಂದ ಸಿಬ್ಬಂದಿಯ ಸಂಬಳದ ಮೇಲೆ ಉದ್ಯೋಗದಾತರು ಕಟ್ಟುವ ನ್ಯಾಷನಲ್ ಇನ್ಶೂರೆನ್ಸ್ ತೆರಿಗೆಯ ದರ ಶೇ. 13.8ರಿಂದ ಶೇ. 15ಕ್ಕೆ ಏರಿದಾಗ ಆಸ್ಪತ್ರೆಗಳಿಗೆ ಪರಿಹಾರ ದೊರೆಯಿತು, ಸರ್ಜರಿಗಳಿಗೆ ಅಂತಹ ನೇರ ವಿನಾಯಿತಿ ಸಿಗಲಿಲ್ಲ. ಆ ವರ್ಷದ ಒಪ್ಪಂದದಲ್ಲಿ 88.9 ಕೋಟಿ ಪೌಂಡ್ ಹೆಚ್ಚುವರಿ ಅನುದಾನ ಬಂದದ್ದು ಸ್ವಾಗತಾರ್ಹವಾದರೂ ಅದರಲ್ಲಿ ಒಂದು ಭಾಗ ಈ ತೆರಿಗೆಗೇ ಹೋಗುತ್ತದೆ.

ಉತ್ತರ 2: ಹೊಸದಾಗಿ ಅರ್ಹತೆ ಪಡೆದ ಜಿಪಿ

ನಿಮ್ಮ ಎರಡನೆಯ ಪ್ರಶ್ನೆ ನನ್ನಂತಹವರ ಬದುಕಿಗೆ ಸಂಬಂಧಿಸಿದ್ದು. ವೈದ್ಯಕೀಯ ಪದವಿಗೆ ಐದು ವರ್ಷ, ಫೌಂಡೇಶನ್ ತರಬೇತಿಗೆ ಎರಡು, ಜಿಪಿ ತರಬೇತಿಗೆ ಕನಿಷ್ಠ ಮೂರು ವರ್ಷ ಕಳೆದ ಮೇಲೆ ಕೆಲಸ ಹುಡುಕಲು ಹೊರಟರೆ ಜಾಹೀರಾತುಗಳೇ ಇರಲಿಲ್ಲ. ಇದ್ದ ಒಂದೆರಡು ಹುದ್ದೆಗಳಿಗೆ ಅರ್ಜಿಗಳ ರಾಶಿ ಬೀಳುತ್ತಿತ್ತು. ರೋಗಿಗಳಿಗೆ ವೈದ್ಯರು ಬೇಕಿತ್ತು, ಸರ್ಜರಿಗಳಿಗೂ ಬೇಕಿತ್ತು, ಆದರೆ ಸರ್ಜರಿಗಳ ಬಳಿ ಸಂಬಳ ಕೊಡುವಷ್ಟು ಮೂಲ ಅನುದಾನ ಇರಲಿಲ್ಲ.

2019ರಲ್ಲಿ ಆರಂಭವಾದ ಹೆಚ್ಚುವರಿ ಹುದ್ದೆಗಳ ಯೋಜನೆಯನ್ನು ಇಲ್ಲಿ ಅರಿತುಕೊಳ್ಳಬೇಕು. 30 ಸಾವಿರದಿಂದ 50 ಸಾವಿರ ರೋಗಿಗಳಿರುವ ಸರ್ಜರಿಗಳ ಕೂಟಗಳಿಗೆ ಅದರಡಿ ಪ್ರತ್ಯೇಕ ಹಣ ಬಂದಿತು. ಫಾರ್ಮಾಸಿಸ್ಟ್, ಫಿಸಿಯೋಥೆರಪಿಸ್ಟ್, ಸಾಮಾಜಿಕ ನೆರವು ಕಾರ್ಯಕರ್ತರು ಮೊದಲಾದವರ ಸಂಬಳವನ್ನು ಅದರಿಂದ ಕೊಡಬಹುದಿತ್ತು, ಜಿಪಿಗಳ ಸಂಬಳವನ್ನು ಮಾತ್ರ ಕೊಡುವಂತಿರಲಿಲ್ಲ. ಹೀಗಾಗಿ ಹಣವಿದ್ದ ಕಡೆಗೆ ನೇಮಕಾತಿ ಹರಿಯಿತು. 2024ರ ಅಕ್ಟೋಬರ್‌ನಿಂದ ಹೊಸದಾಗಿ ಅರ್ಹತೆ ಪಡೆದ ಜಿಪಿಗಳನ್ನೂ ಈ ಯೋಜನೆಗೆ ಸೇರಿಸಿ 8.2 ಕೋಟಿ ಪೌಂಡ್ ಒದಗಿಸಿದ್ದರಿಂದ ನನ್ನಂತಹ ಅನೇಕರಿಗೆ ಕೆಲಸ ಸಿಕ್ಕಿತು. ಆದರೂ ಕೂಟದ ಮೂಲಕ ನೇಮಕಗೊಂಡವರು ಹಲವು ಸರ್ಜರಿಗಳ ನಡುವೆ ಓಡಾಡಬೇಕಾಗುವುದುಂಟು, ಅದರಿಂದ ರೋಗಿಗಳ ಪರಿಚಯ ಬೆಳೆಯುವುದು ಕಷ್ಟ.

ಫಾರ್ಮಾಸಿಸ್ಟ್‌ಗಳೂ ಫಿಸಿಯೋಗಳೂ ಬೇಡವಾಗಿತ್ತೆಂದು ನಾನು ಹೇಳುತ್ತಿಲ್ಲ. ಅವರಿಲ್ಲದ ಸರ್ಜರಿಯನ್ನು ಇಂದು ಊಹಿಸಲೂ ಆಗದು. ಯಾರನ್ನು ನೇಮಿಸಿಕೊಳ್ಳಬೇಕೆಂಬ ತೀರ್ಮಾನ ಆಯಾ ಊರಿನ ಅಗತ್ಯವನ್ನು ನೋಡಿ ಆಗಬೇಕಿತ್ತು. ಮೇಲಿನ ಜಿಪಿಯವರು ಹಣದ ಒಟ್ಟು ಮೊತ್ತಕ್ಕೆ ಹೆಚ್ಚು ಒತ್ತು ಕೊಟ್ಟಿದ್ದಾರೆ. ನನ್ನ ಅಭಿಪ್ರಾಯದಲ್ಲಿ ಆ ಹಣಕ್ಕೆ ಕಟ್ಟಿದ ಷರತ್ತುಗಳೂ ಅಷ್ಟೇ ಹಾನಿ ಮಾಡಿವೆ.

ಉತ್ತರ 3: ರಿಸೆಪ್ಷನ್ ಸಿಬ್ಬಂದಿ

ಫೋನಿನ ಈ ತುದಿಯಲ್ಲಿ ಕುಳಿತಿರುವವಳಾಗಿ ಕೆಲವು ಮಾತುಗಳನ್ನು ಸೇರಿಸುತ್ತೇನೆ. "ನಿಮ್ಮ ತೊಂದರೆ ಏನೆಂದು ಹೇಳುತ್ತೀರಾ?" ಎಂದು ನಾವು ಕೇಳಿದಾಗ ಅನೇಕರಿಗೆ ಸಿಟ್ಟು ಬರುತ್ತದೆ. ಎದೆನೋವು, ಮಾತಿನ ತೊದಲು, ಮುಖದ ಒಂದು ಬದಿ ಜೋತುಬಿದ್ದಿರುವುದು ಇಂತಹ ಮಾತು ಕಿವಿಗೆ ಬಿದ್ದ ಕೂಡಲೇ ತುರ್ತು ಸೇವೆಯ 999ಕ್ಕೆ ಕರೆಮಾಡುವಂತೆ ಹೇಳಲು ನಮಗೆ ತರಬೇತಿ ಕೊಟ್ಟಿದ್ದಾರೆ. ಬೆನ್ನುನೋವಿನವರನ್ನು ನೇರವಾಗಿ ಫಿಸಿಯೋ ಬಳಿಗೆ ಕಳುಹಿಸಿದರೆ ಅವರಿಗೂ ಒಂದು ಹೆಜ್ಜೆ ಉಳಿಯುತ್ತದೆ. ವಿಷಯ ಖಾಸಗಿಯಾಗಿದ್ದರೆ ಹಾಗೆಂದಷ್ಟೇ ಹೇಳಿದರೂ ಸಾಕು, ನಾವು ಕೆದಕುವುದಿಲ್ಲ.

2025ರ ಅಕ್ಟೋಬರ್ 1ರಿಂದ ಸೋಮವಾರದಿಂದ ಶುಕ್ರವಾರದವರೆಗೆ ಬೆಳಿಗ್ಗೆ 8ರಿಂದ ಸಂಜೆ 6.30ರ ತನಕ ಆನ್‌ಲೈನ್ ಅರ್ಜಿಯನ್ನು ತೆರೆದಿಡಬೇಕೆಂಬ ನಿಯಮ ಬಂದಿದೆ. ಫೋನ್ ಸಾಲಿನಲ್ಲಿ ಕಾಯಲು ಬಿಡುವಿಲ್ಲದ ಉದ್ಯೋಗಸ್ಥರಿಗೆ ಇದು ನಿಜಕ್ಕೂ ಅನುಕೂಲ. ನಮ್ಮ ಭಯ ಬೇರೆ. ಈ ಅರ್ಜಿ ತುರ್ತಲ್ಲದ ವಿಷಯಗಳಿಗೆಂದು ಮೊದಲ ಪುಟದಲ್ಲೇ ಬರೆದಿದ್ದರೂ ಸಂಜೆ ಆರು ಗಂಟೆಯ ನಂತರ ಬಂದ ಅರ್ಜಿಯೊಂದರ ಮೂರನೆಯ ಸಾಲಿನಲ್ಲಿ, ಮಂಡಿನೋವಿನ ವಿವರದ ನಡುವೆ, "ಮಧ್ಯಾಹ್ನದಿಂದ ಎದೆ ಬಿಗಿದಂತಿದೆ" ಎಂಬ ಮಾತಿರಬಹುದು. ಅದನ್ನು ಆ ಹೊತ್ತಿನಲ್ಲಿ ಯಾರಾದರೂ ಓದಲೇಬೇಕು. ಓದುವ ವೈದ್ಯರು ಆಗ ರೋಗಿಗಳನ್ನು ನೋಡುತ್ತಿರುವುದಿಲ್ಲ. ಹೊಸ ಬಾಗಿಲು ತೆರೆಯಿತು, ಒಳಗಿರುವ ಜನರ ಸಂಖ್ಯೆ ಮಾತ್ರ ಅಷ್ಟೇ ಇದೆ.

ಹಬ್ಬದ ರಜೆಗಳ ಬಗ್ಗೆ ನಿಮ್ಮ ಗುಂಪು ಈಗಲೇ ಪ್ರಚಾರ ಮಾಡಿದರೆ ಬಹಳ ಉಪಕಾರವಾಗುತ್ತದೆ. 2025ರಂತೆ ಡಿಸೆಂಬರ್ 25 ಗುರುವಾರ ಬಂದರೆ ವಾರಾಂತ್ಯವೂ ಸೇರಿ ನಾಲ್ಕು ದಿನ ಬಾಗಿಲು ಮುಚ್ಚಿರುತ್ತದೆ, ಮತ್ತೆ ಜನವರಿ 1ರಂದು ರಜೆ. ನಿತ್ಯದ ಔಷಧಿಗಳ ಕೋರಿಕೆಯನ್ನು ಡಿಸೆಂಬರ್ ಎರಡನೆಯ ವಾರದಲ್ಲೇ ಎನ್‌ಎಚ್‌ಎಸ್ ಆ್ಯಪ್ ಮೂಲಕ ಕಳುಹಿಸಿದರೆ 24ನೆಯ ತಾರೀಖಿನ ಮಧ್ಯಾಹ್ನ ಇನ್ಸುಲಿನ್‌ಗಾಗಿ ಪರದಾಡಬೇಕಾಗುವುದಿಲ್ಲ. ಏಳು ದಿನಗಳವರೆಗಿನ ಕಾಯಿಲೆ ರಜೆಗೆ ವೈದ್ಯರ ಪತ್ರವೇ ಬೇಕಿಲ್ಲ, ಸ್ವಯಂ ದೃಢೀಕರಣ ಸಾಕು ಎಂಬುದು ಇನ್ನೂ ಎಷ್ಟೋ ಜನರಿಗೆ, ಎಷ್ಟೋ ಉದ್ಯೋಗದಾತರಿಗೆ ತಿಳಿದಿಲ್ಲ.

ಬೈಗುಳ ಕೇಳಿಸಿಕೊಳ್ಳುವುದು ನಮ್ಮ ಕೆಲಸದ ಭಾಗವೆಂದು ಯಾರೂ ತಿಳಿಯಬಾರದು. ಅದನ್ನು ತಾಳಲಾರದೆ ಒಳ್ಳೆಯ ಸಹೋದ್ಯೋಗಿಗಳು ಬಿಟ್ಟು ಹೋಗಿದ್ದಾರೆ, ಮತ್ತು ಒಬ್ಬರು ಹೋದರೆ ಫೋನ್ ಸಾಲು ಇನ್ನಷ್ಟು ಉದ್ದವಾಗುತ್ತದೆ.

ಉತ್ತರ 4: ಸಮುದಾಯ ಫಾರ್ಮಾಸಿಸ್ಟ್

2024ರ ಜನವರಿ 31ರಿಂದ ಇಂಗ್ಲೆಂಡಿನಲ್ಲಿ ಫಾರ್ಮಸಿ ಫಸ್ಟ್ ಯೋಜನೆ ನಡೆಯುತ್ತಿದೆ. ಸೈನಸ್ ಸೋಂಕು, ಗಂಟಲುನೋವು, ಮಕ್ಕಳ ಕಿವಿನೋವು, ಸೋಂಕು ತಗುಲಿದ ಕೀಟದ ಕಡಿತ, ಇಂಪೆಟೈಗೊ ಎಂಬ ಚರ್ಮದ ಸೋಂಕು, ಸರ್ಪಸುತ್ತು, 16ರಿಂದ 64 ವರ್ಷದ ಮಹಿಳೆಯರ ಸರಳ ಮೂತ್ರನಾಳದ ಸೋಂಕು ಈ ಏಳಕ್ಕೆ ನಾವೇ ಪರಿಶೀಲಿಸಿ, ಅಗತ್ಯವಿದ್ದರೆ ಆ್ಯಂಟಿಬಯೋಟಿಕ್ ಅಥವಾ ವೈರಾಣು ನಿರೋಧಕ ಔಷಧಿ ಕೊಡಬಹುದು. ಎಲ್ಲರಿಗೂ ಆ್ಯಂಟಿಬಯೋಟಿಕ್ ಸಿಗುತ್ತದೆಂದು ಭಾವಿಸಬಾರದು. ಹೆಚ್ಚಿನ ಗಂಟಲುನೋವು ಒಂದು ವಾರದಲ್ಲಿ ತಾನಾಗಿಯೇ ಕಡಿಮೆಯಾಗುತ್ತದೆ, ಕೆಮ್ಮು ಮೂರು ನಾಲ್ಕು ವಾರ ಎಳೆಯುವುದೂ ಸಾಮಾನ್ಯ. ಉಸಿರಾಟಕ್ಕೆ ಕಷ್ಟವಾದರೆ, ಕಫದಲ್ಲಿ ರಕ್ತ ಕಂಡರೆ, ಅಥವಾ ಮೂರು ವಾರ ಮೀರಿಯೂ ಕೆಮ್ಮು ಇಳಿಮುಖವಾಗದಿದ್ದರೆ ಆಗ ಜಿಪಿಯನ್ನೇ ಕಾಣಬೇಕು.

ಈ ಯೋಜನೆಯಿಂದ ಸರ್ಜರಿಯ ಭಾರ ಪೂರ್ತಿ ಇಳಿಯುತ್ತದೆಂದು ನಾನು ಹೇಳಲಾರೆ. ಫಾರ್ಮಸಿಗಳೂ ಹಣದ ಮುಗ್ಗಟ್ಟಿನಿಂದ ಮುಚ್ಚುತ್ತಿವೆ, ಮತ್ತು ಅನೇಕ ಸಂಜೆಗಳಲ್ಲಿ ಅಂಗಡಿಯಲ್ಲಿ ಇರುವ ಫಾರ್ಮಾಸಿಸ್ಟ್ ಒಬ್ಬರೇ. ಲಸಿಕೆಯ ವಿಷಯದಲ್ಲಿ ಮಾತ್ರ ನಮ್ಮ ಮತ್ತು ಸರ್ಜರಿಯ ನಡುವೆ ಸಹಕಾರ ಇನ್ನೂ ಹೆಚ್ಚಬೇಕು. ಫ್ಲೂ ಲಸಿಕೆಯನ್ನು 2ರಿಂದ 8 ಡಿಗ್ರಿ ಸೆಲ್ಸಿಯಸ್ ನಡುವೆ ಇಡಬೇಕು, ಹಲವು ತಿಂಗಳ ಮೊದಲೇ ಅಂದಾಜಿನ ಮೇಲೆ ಖರೀದಿಸಬೇಕು, ಉಳಿದರೆ ನಷ್ಟದ ಬಹುಪಾಲು ಕೊಂಡವರದೇ. ಒಂದೇ ಬೀದಿಯ ಸರ್ಜರಿ ಮತ್ತು ಫಾರ್ಮಸಿ ಅದೇ ರೋಗಿಗಳಿಗಾಗಿ ಪೈಪೋಟಿ ನಡೆಸುವುದರ ಬದಲು, ಮನೆಯಿಂದ ಹೊರಬರಲಾಗದವರನ್ನು ಯಾರು ತಲುಪಬೇಕೆಂದು ಮೊದಲೇ ಹಂಚಿಕೊಂಡರೆ ಲಸಿಕೆಯೂ ವ್ಯರ್ಥವಾಗುವುದಿಲ್ಲ.

ನಮ್ಮ ಸಮುದಾಯದವರಿಗಾಗಿ ಇನ್ನೊಂದು ವಿಷಯ. ಊರಿನಿಂದ ಬಂದು ಕೆಲವು ತಿಂಗಳು ಉಳಿಯುವ ತಂದೆ ತಾಯಂದಿರು ಇಲ್ಲಿನ ಜಿಪಿಯನ್ನು ತಾತ್ಕಾಲಿಕ ರೋಗಿಗಳಾಗಿ ಉಚಿತವಾಗಿ ಕಾಣಬಹುದು. ಆಸ್ಪತ್ರೆಯ ಹೆಚ್ಚಿನ ಚಿಕಿತ್ಸೆಗೆ ಶುಲ್ಕ ಬೀಳುತ್ತದೆ. ಅವರ ಮಾತ್ರೆಗಳ ಕಂಪನಿಯ ಹೆಸರು ಇಲ್ಲಿ ಯಾರಿಗೂ ಗುರುತು ಸಿಗದಿರಬಹುದು, ಆದ್ದರಿಂದ ಔಷಧಿಯ ಮೂಲ ಹೆಸರು ಮತ್ತು ಪ್ರಮಾಣವನ್ನು ಬರೆದು ತಂದರೆ ಎಲ್ಲರ ಸಮಯವೂ ಉಳಿಯುತ್ತದೆ.

ಪ್ರತಿಕ್ರಿಯೆ: ಯಾರ್ಕ್‌ಷೈರ್ ನಿವಾಸಿ

ಇಷ್ಟು ವಿವರವಾಗಿ ಬರೆದ ಎಲ್ಲರಿಗೂ ಕೃತಜ್ಞತೆಗಳು. ಒಂದು ವಿಷಯ ಇನ್ನೂ ನನ್ನನ್ನು ಕಾಡುತ್ತಿದೆ. ನಮ್ಮ ನೆರೆಮನೆಯ ವೃದ್ಧೆಗೆ ಸ್ಮಾರ್ಟ್‌ಫೋನ್ ಇಲ್ಲ, ಕಿವಿಯೂ ಮಂದ. ಆನ್‌ಲೈನ್ ಅರ್ಜಿ, ಆ್ಯಪ್, ಫಾರ್ಮಸಿ ಎಂಬ ಹೊಸ ದಾರಿಗಳಲ್ಲಿ ಅವರಿಗೆ ಯಾವುದೂ ದಾರಿಯಾಗಿ ಕಾಣುವುದಿಲ್ಲ. ಪ್ರತಿ ಸಲವೂ ಹೊಸ ವೈದ್ಯರಿಗೆ ಮೊದಲಿನಿಂದ ಕಥೆ ಹೇಳಬೇಕು ಎಂಬುದು ಅವರ ದೊಡ್ಡ ಸಂಕಟ. ಇಂತಹವರಿಗಾಗಿ ಏನು ಕೇಳಬಹುದು?

ಉತ್ತರ 5: ಮಿಡ್‌ಲ್ಯಾಂಡ್ಸ್‌ನ ಜಿಪಿ

ಸಭೆಯಲ್ಲಿ ಒಂದೇ ಒಂದು ಬೇಡಿಕೆ ಇಡಲು ಅವಕಾಶವಿದ್ದರೆ ಇದನ್ನೇ ಇಡಿ. ಒಬ್ಬರೇ ಜಿಪಿಯನ್ನು ದೀರ್ಘಕಾಲ ಕಾಣುವವರು ಆಸ್ಪತ್ರೆ ಸೇರುವುದೂ, ಅಕಾಲದಲ್ಲಿ ಸಾಯುವುದೂ ಕಡಿಮೆ ಎಂಬುದನ್ನು ನಾರ್ವೆಯ ಲಕ್ಷಾಂತರ ಜನರ ದಾಖಲೆಗಳ ಅಧ್ಯಯನ ತೋರಿಸಿದೆ. 15 ವರ್ಷಕ್ಕೂ ಹೆಚ್ಚು ಕಾಲ ಒಬ್ಬರೇ ವೈದ್ಯರಿದ್ದವರಲ್ಲಿ ಸಾವಿನ ಪ್ರಮಾಣ ಒಂದು ವರ್ಷ ಮಾತ್ರ ಇದ್ದವರಿಗಿಂತ ಸುಮಾರು ಶೇ. 25ರಷ್ಟು ಕಡಿಮೆಯಿತ್ತು. ಯುವತಿಯರ ಸರಳ ಮೂತ್ರ ಸೋಂಕನ್ನು ಯಾರು ನೋಡಿದರೂ ವ್ಯತ್ಯಾಸವಾಗದು. ಹೃದಯ ವೈಫಲ್ಯ, ಸಿಒಪಿಡಿ, ಮರೆಗುಳಿತನ ಇರುವವರಿಗೆ ಮಾತ್ರ ಪರಿಚಿತ ವೈದ್ಯರು ಬೇಕೇ ಬೇಕು, ಏಕೆಂದರೆ ಅವರ ಇಂದಿನ ಉಸಿರಾಟ ಎಂದಿನದೇ, ಹದಗೆಟ್ಟಿದೆಯೇ ಎಂಬುದು ಮೊದಲು ನೋಡಿದವರಿಗಷ್ಟೇ ಬೇಗ ತಿಳಿಯುತ್ತದೆ. ಸರ್ಜರಿಯು ಇಂತಹ ರೋಗಿಗಳ ಪಟ್ಟಿ ಮಾಡಿ, ಪ್ರತಿಯೊಬ್ಬರಿಗೂ ಒಬ್ಬ ವೈದ್ಯ ಮತ್ತು ಒಬ್ಬ ನರ್ಸನ್ನು ಗೊತ್ತುಮಾಡಿ, ಅವರ ಕರೆ ಬಂದಾಗ ರಿಸೆಪ್ಷನ್ ಪರದೆಯ ಮೇಲೆ ಅದು ಕಾಣುವಂತೆ ಮಾಡಲು ಹೆಚ್ಚು ಖರ್ಚಿಲ್ಲ. ನಿಮ್ಮ ನೆರೆಯವರು ಫೋನಿನಲ್ಲಾಗಲಿ, ನೇರವಾಗಿ ಬಂದಾಗಲಿ ಅಪಾಯಿಂಟ್‌ಮೆಂಟ್ ಕೇಳಬಹುದು. ಆನ್‌ಲೈನ್‌ನಲ್ಲೇ ಬನ್ನಿ ಎಂದು ಸರ್ಜರಿ ಒತ್ತಾಯಿಸುವಂತಿಲ್ಲ. ಕಿವಿ ಮಂದವಿರುವುದನ್ನು ಅವರ ದಾಖಲೆಯಲ್ಲಿ ನಮೂದಿಸುವಂತೆ ಕೇಳಿ.

ಇದರ ಜೊತೆಗೆ ನಿಮ್ಮ ಪ್ರದೇಶದ ಆರೋಗ್ಯ ಮಂಡಳಿಗೆ ಗುಂಪಿನ ಹೆಸರಿನಲ್ಲಿ ಒಂದು ಪತ್ರ ಬರೆಯಿರಿ. ಆಸ್ಪತ್ರೆಯ ವೈದ್ಯರು ಬೇಕೆಂದ ರಜೆಯ ಪತ್ರವನ್ನು ಆಸ್ಪತ್ರೆಯೇ ಕೊಡಬೇಕು, ಅವರು ಮಾಡಿಸಿದ ಪರೀಕ್ಷೆಯ ಫಲಿತಾಂಶವನ್ನು ಅವರೇ ರೋಗಿಗೆ ತಿಳಿಸಬೇಕು, ಅದೇ ಕಾಯಿಲೆಗೆ ಬೇರೆ ವಿಭಾಗಕ್ಕೆ ಕಳುಹಿಸಬೇಕಾದರೆ ಜಿಪಿಯ ಬಳಿ ಮರಳಿ ಕಳುಹಿಸದೆ ನೇರವಾಗಿ ಕಳುಹಿಸಬೇಕು. ಇವು 2023ರ ಮೇ ತಿಂಗಳಲ್ಲಿ ಎನ್‌ಎಚ್‌ಎಸ್ ಇಂಗ್ಲೆಂಡ್ ಪ್ರಕಟಿಸಿದ ಯೋಜನೆಯ ಆಶಯಗಳಿಗೆ ಅನುಗುಣವಾಗಿಯೇ ಇವೆ. ನಾವು ಜಿಪಿಗಳು ಇದನ್ನು ಕೇಳಿದರೆ ಕೆಲಸ ತಪ್ಪಿಸಿಕೊಳ್ಳುತ್ತಿದ್ದಾರೆಂದು ಕಾಣಬಹುದು. ರೋಗಿಗಳು ಕೇಳಿದರೆ ಅದಕ್ಕೆ ಬೇರೆಯೇ ತೂಕವಿರುತ್ತದೆ. ಪತ್ರದಲ್ಲಿ ಸೇರಿಸಲು, ನಿಮ್ಮ ಸರ್ಜರಿಯಲ್ಲಿ ಇಂತಹ ಮರಳಿ ಬಂದ ಕೆಲಸ ಒಂದು ವಾರದಲ್ಲಿ ಎಷ್ಟಾಗುತ್ತದೆಂದು ವ್ಯವಸ್ಥಾಪಕರನ್ನು ಕೇಳಿ ಪಡೆಯಿರಿ. ಡಿಸೆಂಬರ್ ಮೊದಲ ವಾರದಲ್ಲಿ ಎಣಿಸಿದರೆ ನಿಮ್ಮ ಸಭೆಯ ಹೊತ್ತಿಗೆ ಅಂಕಿಗಳು ಕೈಗೆ ಸಿಗುತ್ತವೆ.